ಫುಲ್ಲು, ಡಿಫರೆನ್ಷಿಯಲ್ಲು ಮತ್ತು ನಾನು ಅಳಿಸಿದ ಒಂದು ಫೈಲು

ಎಲ್ಲರಿಗೂ ನಮಸ್ಕಾರ.

ಭಾನುವಾರ ಬೆಳಗ್ಗೆ ಬಿಸಿ ದೋಸೆ ಬಿಟ್ಟು ಬ್ಯಾಕಪ್ ಬಗ್ಗೆ ಕೇಳಲು ಬಂದಿದ್ದೀರಿ. ಅಂದರೆ ನಿಮ್ಮಲ್ಲಿ ಕೆಲವರು ಈಗಾಗಲೇ ಏನೋ ಕಳೆದುಕೊಂಡಿದ್ದೀರಿ ಅಂತ ನನ್ನ ಗುಮಾನಿ. ನಾನೂ ಅದೇ ಗುಂಪಿನವನೇ. ಹಾಗಾಗಿ ನನ್ನ ಪೆದ್ದುತನದಿಂದಲೇ ಶುರು ಮಾಡುತ್ತೇನೆ.

ನಮ್ಮ ಮನೆ ಕಂಪ್ಯೂಟರಿನಲ್ಲಿ ಸುಮಾರು 200 ಜಿಬಿ ಸರಕು ಇತ್ತು. ಮಗಳ ಚಿಕ್ಕಂದಿನ ಫೋಟೋ, ಆದಾಯ ತೆರಿಗೆ ಕಾಗದ, ಅಪ್ಪ ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದ ಆತ್ಮಕಥೆ. ಒಂದು ಎಕ್ಸ್‌ಟರ್ನಲ್ ಡಿಸ್ಕ್ ಕೊಂಡು, ಒಂದು ಫುಲ್ ಬ್ಯಾಕಪ್ ತೆಗೆದೆ, ಅಂದರೆ ಎಲ್ಲದರ ಪೂರ್ತಿ ನಕಲು. ಆಮೇಲೆ ಆಗಾಗ ಡಿಫರೆನ್ಷಿಯಲ್, ಅಂದರೆ ಆ ಫುಲ್ ಆದ ಮೇಲೆ ಬದಲಾದದ್ದು, ಹೊಸದಾಗಿ ಸೇರಿದ್ದು ಅಷ್ಟರದ್ದೇ ನಕಲು. ಆರು ತಿಂಗಳಾದ ಮೇಲೆ ಒಂದು ರಾತ್ರಿ ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ಬಂತು. ಒಳಗೆ ನೋಡಿದೆ. ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ದಪ್ಪದ್ದು ಒಂದೇ ಫೈಲು. ಅದರ ಕೆಳಗೆ ನಾಲ್ಕು ಸಣ್ಣವು, ಹೊಸವು. ಹೊಸದಿದ್ದಾಗ ಹಳೆಯದು ಯಾಕೆ? ರೀಸೈಕಲ್ ಬಿನ್ನಿಗೂ ಹೋಗದಂತೆ ಶಿಫ್ಟ್ ಒತ್ತಿ ಡಿಲೀಟ್ ಹೊಡೆದು, ಜಾಗ ಆಯ್ತಲ್ಲ ಅಂತ ನೆಮ್ಮದಿಯಾಗಿ ಮಲಗಿದೆ.

ತಿಂಗಳೊಳಗೆ ಕಂಪ್ಯೂಟರಿನ ಡಿಸ್ಕು ಟಿಕ್ ಟಿಕ್ ಅನ್ನತೊಡಗಿತು. ಎರಡು ದಿನಕ್ಕೆ ಸದ್ದೂ ನಿಂತಿತು. ಪರವಾಗಿಲ್ಲ, ಬ್ಯಾಕಪ್ ಇದೆಯಲ್ಲ ಅಂತ ಎಲ್ಲಕ್ಕಿಂತ ಹೊಸದನ್ನು ತೆರೆದೆ. ಅಪ್ಪನ ಆತ್ಮಕಥೆ ಇತ್ತು, ತೆರಿಗೆ ಕಾಗದ ಇತ್ತು. ಮಗಳ ಒಂದು ಹಳೇ ಫೋಟೋನೂ ಇರಲಿಲ್ಲ. ಫೋಟೋ ಒಂದು ಸಲ ತೆಗೆದ ಮೇಲೆ ಅದು ಬದಲಾಗೋದಿಲ್ಲ, ಅಲ್ವಾ? ಬದಲಾಗದ್ದು ಡಿಫರೆನ್ಷಿಯಲ್‌ಗೆ ಬರೋದೇ ಇಲ್ಲ. ಅವು ಇದ್ದದ್ದು ನಾನು ಅಳಿಸಿದ ಆ ದಪ್ಪ ಫೈಲಿನಲ್ಲಿ ಮಾತ್ರ.

ಮನೆಯಲ್ಲಿ ಮದುವೆ ಇದೆ ಅಂದುಕೊಳ್ಳಿ. ಕರೆಯಬೇಕಾದವರ ಪಟ್ಟಿ ಒಂದು ನೋಟ್‌ಬುಕ್ಕಿನಲ್ಲಿ ಪೂರ್ತಿ ಬರೆದಿದ್ದೀರಿ, 400 ಹೆಸರು. ಅದು ಫುಲ್ ಬ್ಯಾಕಪ್. ಮಾರನೇ ದಿನ ಚಿಕ್ಕಪ್ಪ ಫೋನ್ ಮಾಡಿ ಐದು ಹೆಸರು ಸೇರಿಸಿದರು. ಒಂದು ಹಾಳೆಯಲ್ಲಿ ಬರೆದು ಒಳಗಿಟ್ಟಿರಿ. ಅದರ ಮಾರನೇ ದಿನ ಸೋದರತ್ತೆ ಇನ್ನೂ ಮೂರು ಹೇಳಿದರು. ಈಗ ಹೊಸ ಹಾಳೆ ತೆಗೆದು ಚಿಕ್ಕಪ್ಪನ ಐದು, ಅತ್ತೆಯ ಮೂರು, ಎಂಟನ್ನೂ ಬರೆದರೆ ಅದು ಡಿಫರೆನ್ಷಿಯಲ್. ನಿನ್ನೆಯ ಹಾಳೆ ಹರಿದು ಬಿಸಾಕಬಹುದು. ಬರೀ ಅತ್ತೆಯ ಮೂರನ್ನು ಬೇರೆ ಚೀಟಿಯಲ್ಲಿ ಬರೆದರೆ ಅದು ಇನ್‌ಕ್ರಿಮೆಂಟಲ್. ಬರೆಯೋ ಕೆಲಸ ಕಡಿಮೆ, ನಿಜ. ಆದರೆ ಮೂವತ್ತು ಚೀಟಿಯಲ್ಲಿ ಒಂದು ಗಾಳಿಗೆ ಹಾರಿದರೂ ಯಾವನೋ ಷಡ್ಡಕನಿಗೆ ಕರೆಯೋಲೆ ಹೋಗೋದಿಲ್ಲ. ಹತ್ತು ವರ್ಷ ಮಾತಿಲ್ಲ.

ನಾನು ಮಾಡಿದ್ದು ಇಷ್ಟೇ. ನೋಟ್‌ಬುಕ್ಕನ್ನು ರದ್ದಿಗೆ ಹಾಕಿ ಹಾಳೆ ಇಟ್ಟುಕೊಂಡೆ.

ಮನೆಗೆ ಡಿಫರೆನ್ಷಿಯಲ್ ಒಳ್ಳೆಯದು ಅಂತ ನಾನು ಇವತ್ತಿಗೂ ಹೇಳುವುದು ಇದಕ್ಕೇ. ವಾಪಸ್ ತರೋವಾಗ ಎರಡೇ ಎರಡು ಫೈಲು ನೆಟ್ಟಗಿದ್ದರೆ ಸಾಕು: ಫುಲ್ಲು ಮತ್ತು ಕೊನೆಯ ಡಿಫರೆನ್ಷಿಯಲ್ಲು. ಆಫೀಸಿನಲ್ಲಿ ಇನ್‌ಕ್ರಿಮೆಂಟಲ್ ಚೀಟಿಗಳ ಸರಪಳಿ ಕಾಯೋಕೆ ಸಂಬಳದ ಜನ ಇರುತ್ತಾರೆ. ಮನೆಯಲ್ಲಿ ನೀವೊಬ್ಬರೇ, ಅದೂ ರಾತ್ರಿ ಊಟ ಆದ ಮೇಲೆ.

ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದವರು ಇಲ್ಲಿ ಇಬ್ಬರಾದರೂ ಇರಬಹುದು, ಅವರಿಗೆ ಒಂದು ಮಾತು. ಫೈಲಿಗೆ ಆರ್ಕೈವ್ ಅನ್ನೋ ಗುರುತು ಇತ್ತಲ್ಲ, ವಿಂಡೋಸ್‌ನಲ್ಲಿ ಅದು ಈಗಲೂ ಇದೆ. ಫೈಲ್ ಬದಲಾದರೆ ಗುರುತು ಬೀಳುತ್ತದೆ. ಆ ಪದ್ಧತಿಯಲ್ಲಿ ಫುಲ್ ಬ್ಯಾಕಪ್ ಎಲ್ಲ ಗುರುತನ್ನೂ ಒರೆಸುತ್ತದೆ. ಡಿಫರೆನ್ಷಿಯಲ್ ಗುರುತು ನೋಡಿ ನಕಲು ಮಾಡುತ್ತದೆ, ಒರೆಸೋದಿಲ್ಲ. ಇನ್‌ಕ್ರಿಮೆಂಟಲ್ ನಕಲು ಮಾಡಿ ಒರೆಸಿಬಿಡುತ್ತದೆ. ಫೈಲು ನಕಲು ಮಾಡೋ ಎಕ್ಸ್‌ಕಾಪಿ ಕಮಾಂಡಿಗೆ ಸ್ಲ್ಯಾಷ್ ಎ ಹಾಕಿದರೆ ಒರೆಸೋದಿಲ್ಲ, ಸ್ಲ್ಯಾಷ್ ಎಂ ಹಾಕಿದರೆ ಒರೆಸುತ್ತದೆ. ಎರಡು ಪದ್ಧತಿಯ ವ್ಯತ್ಯಾಸ ಒಂದು ಅಕ್ಷರದಲ್ಲಿದೆ! ಈಗಿನ ತಂತ್ರಾಂಶಗಳಲ್ಲಿ ಬಹಳಷ್ಟು ಈ ಗುರುತನ್ನು ನಂಬದೆ ತಮ್ಮದೇ ಲೆಕ್ಕ ಇಟ್ಟುಕೊಳ್ಳುತ್ತವೆ. ಒಳ್ಳೆಯದೇ ಆಯಿತು.

ಇನ್ನು ಜಾಗ, ಸಮಯ. 200 ಜಿಬಿಯ ಫುಲ್ ಬ್ಯಾಕಪ್, ಸೆಕೆಂಡಿಗೆ 100 ಎಂಬಿ ಬರೆಯೋ ಯುಎಸ್‌ಬಿ 3 ಡಿಸ್ಕಿಗೆ ಅರ್ಧ ಗಂಟೆ ಚಿಲ್ಲರೆ. ಅದೇ ಡಿಸ್ಕನ್ನು ಹಳೇ ಯುಎಸ್‌ಬಿ 2 ಕಿಂಡಿಗೆ ಚುಚ್ಚಿದರೆ ಸೆಕೆಂಡಿಗೆ 30 ಎಂಬಿ ಬಂದರೆ ಹೆಚ್ಚು. ಎರಡು ಗಂಟೆ ಹತ್ತಿರ ಹಿಡಿಯುತ್ತದೆ. ಒಳಗೆ ನೀಲಿ ಬಣ್ಣ ಇರುವ ಕಿಂಡಿ ಸಾಮಾನ್ಯವಾಗಿ ಯುಎಸ್‌ಬಿ 3, ಅದನ್ನು ಹುಡುಕಿ. ವಾರಕ್ಕೆ 3 ಜಿಬಿ ಹೊಸದು ಸೇರಿದರೆ ಡಿಫರೆನ್ಷಿಯಲ್ ಮೊದಲ ವಾರ 3, ಆಮೇಲೆ 6, ಆಮೇಲೆ 9. ಹೀಗೆ ಊದುತ್ತಾ ಹೋಗುತ್ತದೆ. ಫುಲ್‌ನ ಮೂರನೇ ಒಂದು ಭಾಗ ದಾಟಿತು ಅಂದರೆ ನಾನು ಹೊಸ ಫುಲ್ ತೆಗೆಯುತ್ತೇನೆ. ಇದು ಶಾಸ್ತ್ರ ಅಲ್ಲ, ನನ್ನ ಅಂದಾಜು.

ಕೆಲವೊಮ್ಮೆ ಅದು ಒಂದೇ ರಾತ್ರಿಯಲ್ಲಿ ಊದುತ್ತದೆ. ನೀವು ಸುಮ್ನೆ "ಮೈಸೂರು ಟ್ರಿಪ್" ಅನ್ನೋ ಫೋಲ್ಡರಿಗೆ "2019 ಮೈಸೂರು" ಅಂತ ಹೆಸರು ಬದಲಾಯಿಸಿರುತ್ತೀರಿ. ಎಷ್ಟೋ ತಂತ್ರಾಂಶಗಳ ಕಣ್ಣಿಗೆ ಅದು ಪೂರ್ತಿ ಹೊಸ ಫೋಲ್ಡರು, 40 ಜಿಬಿಯೂ ಮತ್ತೆ ನಕಲಾಗುತ್ತದೆ. ಔಟ್‌ಲುಕ್‌ನಲ್ಲಿ ಮೇಲ್ ಕೂಡಿಡುವವರದ್ದು ಇನ್ನೊಂದು ಗೋಳು. ಅಷ್ಟೂ ಮೇಲ್ ಒಂದೇ ದೊಡ್ಡ ಫೈಲಿನಲ್ಲಿರುತ್ತದೆ. ಒಂದು ಮೇಲ್ ಬಂದರೂ ಫೈಲ್ ಬದಲಾದಂತೆಯೇ. ಫೋಲ್ಡರು ಜೋಡಿಸೋ ಹುಮ್ಮಸ್ಸು ಬಂದರೆ ಹೊಸ ಫುಲ್ ತೆಗೆಯುವ ಹಿಂದಿನ ದಿನ ಜೋಡಿಸಿ.

ಅಳಿಸೋ ಕ್ರಮ ನನಗೆ ಪೆಟ್ಟು ತಿಂದು ಬಂದದ್ದು. ಹೊಸ ಫುಲ್ ತೆಗೆದು, ಅದು ತೆರೆಯುತ್ತದೆ ಅಂತ ಕಣ್ಣಾರೆ ನೋಡಿದ ಮೇಲೆಯೇ ಹಳೆಯದರ ಮಾತು. ಆಗಲೂ ಹಳೇ ಫುಲ್ಲು, ಅದರ ಡಿಫರೆನ್ಷಿಯಲ್ಲುಗಳು ಒಟ್ಟಿಗೇ ಹೋಗಬೇಕು, ಸಂಸಾರ ಸಮೇತ. ಅದಕ್ಕೇ ಒಂದು ಫುಲ್ಲು ಮತ್ತು ಅದರ ಮಕ್ಕಳಿಗೆ ಒಂದೇ ಫೋಲ್ಡರ್ ಮಾಡಿ, ತಾರೀಖು ಹಾಕಿ. ಡಿಸ್ಕ್ ಕೊಳ್ಳೋವಾಗ ಎರಡು ಸಂಸಾರ ಹಿಡಿಸುವಷ್ಟು ದೊಡ್ಡದು ಕೊಳ್ಳಿ.

ಅಪ್ಪನ ಆತ್ಮಕಥೆ ವಾಪಸ್ ಬಂತು ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಟೋಪಿ, ಬಾಲ ಸಿಕ್ಕಿಸಿದ ಹಾಗೆ ಏನೇನೋ. ಅಪ್ಪ ಪಕ್ಕದಲ್ಲೇ ನಿಂತಿದ್ದರು. "ಇದು ನಾನು ಬರೆದಿದ್ದಲ್ಲ ಕಣೋ" ಅಂದರು. ಅವರು ಬಳಸಿದ್ದು ನುಡಿ 01 ಇ ಫಾಂಟು, ಎಲ್ಲ ಕಂಪ್ಯೂಟರಿಗೂ ಅರ್ಥವಾಗೋ ಯೂನಿಕೋಡ್ ಅಲ್ಲ; ಆ ಫಾಂಟ್ ಇಲ್ಲದಿದ್ದರೆ ಕನ್ನಡ ಕಾಣೋದಿಲ್ಲ. ಆ ಫಾಂಟ್ ಇದ್ದದ್ದು ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಲ್ಲಿ. ನನ್ನ ಬ್ಯಾಕಪ್ ಡಾಕ್ಯುಮೆಂಟ್ಸ್ ಬಿಟ್ಟು ಆಚೆ ಹೋಗಿಯೇ ಇರಲಿಲ್ಲ. ನುಡಿ ಹಾಕಿದ ಮೇಲೆ ಅಪ್ಪನ ಊರು ಕೆರೆ ಎಲ್ಲ ಮತ್ತೆ ಕಾಣಿಸಿದವು. ನಿಮ್ಮ ಮನೆಯಲ್ಲೂ ನುಡಿ, ಬರಹ ತಂತ್ರಾಂಶಗಳ ಹಳೇ ಫೈಲು ಇದ್ದೇ ಇರುತ್ತವೆ. ಫಾಂಟನ್ನೂ ಅದರ ಇನ್‌ಸ್ಟಾಲ್ ಫೈಲನ್ನೂ ಬ್ಯಾಕಪ್ಪಿಗೆ ಸೇರಿಸಿ.

ಬ್ಯಾಕಪ್ ಮುಗಿದ ಕೂಡಲೇ ಕೇಬಲ್ ಕಿತ್ತು ಇಡಿ. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳೋ ವಾನಾಕ್ರೈ ಬಂದಾಗ ಜಗತ್ತು ಕಂಡಿತು. ಇಂಥ ವೈರಸ್ಸುಗಳು ಚುಚ್ಚಿಟ್ಟ ಡಿಸ್ಕಿನ ಫೈಲುಗಳಿಗೂ ಬೀಗ ಹಾಕುತ್ತವೆ. ಕಳ್ಳತನ, ಮಳೆ ನೀರು, ಬೆಂಕಿಗೆ ಕೇಬಲ್ ಕಿತ್ತರೂ ಸಾಲದು. ಫೋಟೋಗ್ರಾಫರ್ ಪೀಟರ್ ಕ್ರೋಗ್ ಹೇಳಿದ 3-2-1 ಲೆಕ್ಕ ಕೇಳಿರಬಹುದು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಆಚೆ. ನನ್ನ ಎರಡನೇ ಡಿಸ್ಕು ತಂಗಿ ಮನೆಯ ಬೀರುವಿನಲ್ಲಿದೆ. ಯುಗಾದಿಗೆ ಒಮ್ಮೆ, ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ಹೋದಾಗ ಒಮ್ಮೆ ಬದಲಾಯಿಸಿಕೊಂಡು ಬರುತ್ತೇನೆ. "ಅಣ್ಣ ಬರೋದು ನನಗೋಸ್ಕರವೋ ಡಿಸ್ಕಿಗೋಸ್ಕರವೋ" ಅಂತ ಅವಳ ಆರೋಪ.

ಕೊನೆಯದು, ವಾಪಸ್ ತಂದು ನೋಡೋದು. 2017ರ ಜನವರಿ 31ರಂದು ತಂತ್ರಾಂಶ ಬರೆಯೋರ ಕೋಡ್ ಇಟ್ಟುಕೊಳ್ಳೋ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿದರು. ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು, ಯಾವುದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ ಅಂತ ಅವರೇ ಹೇಳಿಕೊಂಡರು. ಆರು ಗಂಟೆ ಹಿಂದಿನ ಒಂದು ನಕಲು ಅದೃಷ್ಟಕ್ಕೆ ಉಳಿದಿತ್ತು. ನಾನೀಗ ತಿಂಗಳಿಗೊಮ್ಮೆ ಮೂರು ಫೈಲು ಹೊರಗೆ ತೆಗೆದು ನೋಡುತ್ತೇನೆ. ಫುಲ್‌ನಲ್ಲಿ ಮಾತ್ರ ಇರುವ ಹಳೇ ಫೋಟೋ ಒಂದು, ಮೊನ್ನೆ ಬದಲಾದದ್ದು ಒಂದು, ಅಪ್ಪನ ಒಂದು ಅಧ್ಯಾಯ. ಹತ್ತು ನಿಮಿಷದ ಕೆಲಸ.

ಸರಿ, ಮಾತು ಜಾಸ್ತಿ ಆಯಿತು. ಈ ಲ್ಯಾಪ್‌ಟಾಪಿನಲ್ಲಿ "ಮದುವೆ ಪಟ್ಟಿ" ಅಂತ ಒಂದು ಫೈಲಿದೆ, ಬ್ಯಾಕಪ್ ಈ ಡಿಸ್ಕಿನಲ್ಲಿದೆ. ಮುಂದಿನ ಸಾಲಿನವರು ಯಾರಾದರೂ ಬಂದು ಆ ಫೈಲನ್ನು ಅಳಿಸಿ. ಸಂಕೋಚ ಬೇಡ, ಶಿಫ್ಟ್ ಒತ್ತಿಯೇ ಅಳಿಸಿ. ವಾಪಸ್ ಬರುತ್ತದೋ ಇಲ್ಲವೋ ಎಲ್ಲರೂ ಒಟ್ಟಿಗೆ ನೋಡೋಣ.