ಸಂಘದ ಬೀರುವಿನಲ್ಲಿ ಯಾರ ಹಕ್ಕಿದೆ?

ಕೇಳುಗರಿಗೆ ನಮಸ್ಕಾರ.

ನಾನು ಮಾಡುವ ಕೆಲಸಕ್ಕೆ ಒಂದು ಸರಿಯಾದ ಹೆಸರಿಲ್ಲ. ಕನ್ನಡ ಸಂಘದವರು, ಹವ್ಯಾಸಿ ನಾಟಕ ತಂಡದವರು, ಶಾಲೆಯವರು, ಸಣ್ಣ ಪ್ರಕಾಶಕರು ಕರೆದರೆ ಹೋಗುತ್ತೇನೆ. ಅವರ ಬೀರು ತೆಗೆಸುತ್ತೇನೆ. ಒಳಗಿರುವ ಬರಹ ಯಾರದು, ಚಿತ್ರ ಯಾರದು, ಧ್ವನಿಮುದ್ರಣ ಯಾರದು ಎಂದು ಜೊತೆಗೆ ಕೂತು ಪಟ್ಟಿ ಮಾಡಿಕೊಡುತ್ತೇನೆ. ಕೃತಿಸ್ವಾಮ್ಯ ಎಂದರೆ ಕೋರ್ಟು, ವಕೀಲರು, ನೋಟೀಸು ಎಂದು ಹೆದರುವವರೇ ಹೆಚ್ಚು. ನನ್ನ ಅನುಭವದಲ್ಲಿ ಅದು ಮುಕ್ಕಾಲು ಪಾಲು ಬೀರುವಿನ ಕೆಲಸ.

ಒಂದು ಊರಿನ ಸಂಘ. ಐವತ್ತು ವರ್ಷ ತುಂಬಿತ್ತು. ಹಳೆಯ ಸ್ಮರಣ ಸಂಚಿಕೆಗಳಿಂದ ಒಳ್ಳೊಳ್ಳೆಯದನ್ನು ಆರಿಸಿ ಒಂದು ದಪ್ಪ ಪುಸ್ತಕ ತರಬೇಕು ಎಂದು ಸರ್ವಸದಸ್ಯರ ಸಭೆಯಲ್ಲಿ ಠರಾವಾಗಿತ್ತು. ಕಾರ್ಯದರ್ಶಿಗಳು ಬಟ್ಟೆಯಲ್ಲಿ ಕಟ್ಟಿಟ್ಟ ಸಂಚಿಕೆಗಳನ್ನು ಜಮಖಾನದ ಮೇಲೆ ಹರಡಿದರು. 1974ರ ಸಂಚಿಕೆಯಲ್ಲಿ ಒಂದು ನಾಟಕದ ಫೋಟೋ. ಮೂಲ ಪ್ರತಿಯೂ ಅದೇ ಪುಟದಲ್ಲಿ ಸಿಕ್ಕಿಕೊಂಡಿತ್ತು. ಹಿಂದೆ ಪೆನ್ಸಿಲಿನಲ್ಲಿ ‘ಸ್ಟುಡಿಯೋ ಹುಡುಗ ತೆಗೆದದ್ದು’ ಎಂದಷ್ಟೇ ಇತ್ತು. ಆ ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಗಿತ್ತು.

“ಹಳೇದಲ್ವಾ ಸಾರ್, ಹಾಕ್ಕೊಂಡ್ರೆ ಯಾರು ಕೇಳ್ತಾರೆ?” ಅಂದರು ಅಧ್ಯಕ್ಷರು.

ಹಳೆಯದೇನೋ ಹೌದು. ಆದರೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫೋಟೋದ ಹಕ್ಕು ಮೊದಲು ಪ್ರಕಟವಾದ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಇತ್ತು; 2012ರ ತಿದ್ದುಪಡಿಯ ಮೇಲೆ, ತೆಗೆದವರು ಬದುಕಿರುವವರೆಗೆ ಮತ್ತು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ಹೇಗೆ ಲೆಕ್ಕ ಹಾಕಿದರೂ, 1974ರಲ್ಲಿ ಅಚ್ಚಾದ ಈ ಫೋಟೋಕ್ಕೆ ಕಡಿಮೆ ಎಂದರೂ 2034ರ ಕೊನೆಯವರೆಗೆ ಒಬ್ಬ ಒಡೆಯ ಇದ್ದೇ ಇರುತ್ತಾನೆ. ಅವನು ಯಾರು ಎಂಬುದೇ ಪ್ರಶ್ನೆ. ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳುತ್ತದೆ: ಒಬ್ಬರು ಹೇಳಿ, ದುಡ್ಡು ಕೊಟ್ಟು ಫೋಟೋ ತೆಗೆಸಿದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಮೊದಲ ಹಕ್ಕುದಾರರು ತೆಗೆಸಿದವರೇ. ಹಾಗಾದರೆ ಸಂಘ ದುಡ್ಡು ಕೊಟ್ಟಿತ್ತೆ? ಖಜಾಂಚಿಗಳು ಎದ್ದು ಒಳಗೆ ಹೋದರು. ಅರ್ಧ ಗಂಟೆಯ ಮೇಲೆ ಧೂಳು ಕೊಡವುತ್ತ ಒಂದು ಲೆಕ್ಕದ ಪುಸ್ತಕ ತಂದರು. ಅದರಲ್ಲಿ ನೀಲಿ ಶಾಯಿಯಲ್ಲಿ, ‘ನಾಟಕದ ಫೋಟೋ ಬಾಬ್ತು, ರೂ. 35.’ ಜೊತೆಗೆ ಗುಂಡುಸೂಜಿ ಚುಚ್ಚಿದ ಒಂದು ರಸೀದಿ. ಆ ಸಾಲು ಬರೆದಿಟ್ಟ ಖಜಾಂಚಿಯವರು ಈಗ ಇಲ್ಲ. ಅವರ ಶಿಸ್ತಿನಿಂದ ಇಷ್ಟು ವರ್ಷದ ಮೇಲೆ ಆ ಫೋಟೋ ಸಂಘದ್ದೇ ಎಂದು ತೀರ್ಮಾನವಾಯಿತು.

ಬರಹದ ವಿಷಯ ಹೀಗಲ್ಲ. ಇಲ್ಲೇ ನಮ್ಮ ಸಂಘ ಸಂಸ್ಥೆಗಳು ಹೆಚ್ಚಾಗಿ ಎಡವುವುದು. ಲೇಖನ ಕೇಳಿ ಬರೆಸಿದೆವು, ಗೌರವಧನ ಕೊಟ್ಟೆವು, ಇನ್ನು ಅದು ನಮ್ಮದು ಎಂದುಕೊಳ್ಳುತ್ತೇವೆ. ಅದು ತಪ್ಪು. ಹೊರಗಿನವರಿಂದ ಬರೆಸಿದ ಕತೆ, ಕವಿತೆ, ಲೇಖನ ಬರೆದವರದ್ದೇ. ಸಂಬಳಕ್ಕಿರುವ ನೌಕರರು ತಮ್ಮ ಕೆಲಸದ ಭಾಗವಾಗಿ ಬರೆದದ್ದು ಮಾತ್ರ ಸಂಸ್ಥೆಗೆ ಸೇರುತ್ತದೆ, ಅದೂ ಬೇರೆ ಒಪ್ಪಂದ ಇಲ್ಲದಿದ್ದರೆ. ಸಂಘದ ಪದಾಧಿಕಾರಿಗಳು ಯಾರ ಸಂಬಳಕ್ಕೂ ಇಲ್ಲ. ಸಂಜೆ ಕೆಲಸ ಮುಗಿಸಿ ಬಂದು, ಮನೆಯ ಚಹಾ ಕುಡಿದು, ಸಂಘಕ್ಕಾಗಿ ಇತಿಹಾಸ ಬರೆದುಕೊಟ್ಟ ಮೇಷ್ಟ್ರ ಬರಹ ಮೇಷ್ಟ್ರದ್ದೇ. ಲಾಂಛನ ಬರೆದುಕೊಟ್ಟ ಚಿತ್ರಕಾರರ ಹತ್ತಿರವೂ ಒಂದು ಬರಹದ ಒಪ್ಪಿಗೆ ಪಡೆದುಕೊಳ್ಳುವುದು ಕ್ಷೇಮ. ಹಕ್ಕು ಕೈ ಬದಲಾಗಬೇಕಾದರೆ ಕಾಗದದ ಮೇಲೆ ಬರೆದು ಸಹಿ ಆಗಬೇಕು. ಬಾಯಿಮಾತಿನ “ಆಯ್ತು, ತಗೊಳ್ಳಿ” ಸಾಲದು.

ಇಲ್ಲಿ ನಮ್ಮ ಕರಾವಳಿಯ ಒಂದು ಮೊಕದ್ದಮೆಯನ್ನು ನೆನಪಿಸಬೇಕು. ಸಂಸ್ಥೆ ನಡೆಸುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು ಎಂಬುದು ನನ್ನ ಆಸೆ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ಬ್ಯಾಲೆಯ ರೂಪ ಕೊಟ್ಟರು. ಅದಕ್ಕಾಗಿ ಏಳು ಪ್ರಸಂಗಗಳನ್ನು ಸಿದ್ಧಪಡಿಸಿದರು. 1994ರ ಜೂನ್ 18ರಂದು ಒಂದು ಉಯಿಲು ಬರೆದರು. 1997ರ ಡಿಸೆಂಬರಿನಲ್ಲಿ ತೀರಿಕೊಂಡರು. 2001ರಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಪ್ರದರ್ಶನವಾಯಿತು. ಆಡಿಸಿದ್ದು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್. ಉಯಿಲಿನ ಮೂಲಕ ಹಕ್ಕು ಪಡೆದವರು, ನಮ್ಮನ್ನು ಕೇಳದೆ ಆಡಿಸಿದಿರಿ ಎಂದು ಉಡುಪಿಯ ನ್ಯಾಯಾಲಯಕ್ಕೆ ಹೋದರು.

ಸಂಸ್ಥೆಯ ವಾದ ನಮಗೆಲ್ಲ ಪರಿಚಯದ್ದೇ. ಕಾರಂತರು ನಮ್ಮ ಯಕ್ಷಗಾನ ಕೇಂದ್ರದ ನಿರ್ದೇಶಕರಾಗಿದ್ದರು, ನಮ್ಮ ನೆರವಿನಲ್ಲಿ ಈ ಪ್ರಯೋಗ ಬೆಳೆಯಿತು, ಆದ್ದರಿಂದ ಇದು ನಮಗೆ ಸೇರಿದ್ದು. ನ್ಯಾಯಾಲಯ ಒಪ್ಪಲಿಲ್ಲ. ಹೈಕೋರ್ಟೂ ಒಪ್ಪಲಿಲ್ಲ. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಹಕ್ಕು ಉಯಿಲು ಪಡೆದವರದ್ದೇ ಎಂದಿತು. ಆದರೆ ಒಂದು ಬಾಗಿಲನ್ನು ತೆರೆದಿಟ್ಟಿತು: ಕಾಯ್ದೆಯ 52ನೇ ಕಲಮು ಕೊಡುವ ವಿನಾಯಿತಿಗಳ ಒಳಗೆ ಸಂಸ್ಥೆ ಆಡಿಸಬಹುದು ಎಂದು ಸ್ಪಷ್ಟಪಡಿಸಿತು.

ಈ ಪ್ರಕರಣದಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಒಬ್ಬ ಮಹಾನ್ ಕಲಾವಿದ, ಅವರಿಗೆ ಜಾಗ ಕೊಟ್ಟ ಒಂದು ಸಂಸ್ಥೆ, ಅವರ ಕೆಲಸವನ್ನು ಕಾಯಬೇಕಾದ ಒಬ್ಬರು. ಕೂಡಿ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ‘ಇದು ಯಾರದ್ದು’ ಎಂದು ಒಂದು ಪುಟ ಸ್ಪಷ್ಟವಾಗಿ ಬರೆದಿಟ್ಟಿದ್ದರೆ ಈ ಜಗಳ ಉಡುಪಿಯಿಂದ ದೆಹಲಿಯವರೆಗೆ ಹೋಗುತ್ತಿತ್ತೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಸ್ನೇಹ ಇದ್ದಾಗ ಕಾಗದ ಕೇಳಲು ನಮಗೆ ಸಂಕೋಚ. ಆದರೆ ಕಾಗದ ಮಾಡಿಕೊಳ್ಳಬೇಕಾದದ್ದು ಸ್ನೇಹ ಇದ್ದಾಗಲೇ.

ಆ 52ನೇ ಕಲಮಿನ ವಿಷಯಕ್ಕೆ ಬರುತ್ತೇನೆ. ನಮ್ಮ ಊರೂರಿನ ತಂಡಗಳಿಗೆ ಅದು ದೊಡ್ಡ ಆಸರೆ. ಹವ್ಯಾಸಿ ಸಂಘ ದುಡ್ಡು ತೆಗೆದುಕೊಳ್ಳದೆ ಪ್ರೇಕ್ಷಕರಿಗೆ ನಾಟಕ ತೋರಿಸಿದರೆ, ಅಥವಾ ಒಂದು ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ಆಡಿದರೆ, ಅದು ಉಲ್ಲಂಘನೆಯಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು, ಶಿಕ್ಷಕರು ಆಡಿ, ನೋಡುವವರು ಮಕ್ಕಳು, ಶಿಕ್ಷಕರು, ತಂದೆ ತಾಯಂದಿರು ಮಾತ್ರ ಆಗಿದ್ದರೆ ಅದೂ ಸರಿ. ಆದರೆ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಲ್ಲದೆ ಅದೇ ನಾಟಕಕ್ಕೆ ಟಿಕೆಟ್ ಇಟ್ಟರೆ ಹವ್ಯಾಸಿ ಸಂಘದ ಆ ವಿನಾಯಿತಿ ಉಳಿಯುವುದಿಲ್ಲ. ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದರೆ ಅದು ಬೇರೆಯೇ ಹಕ್ಕು, ಅದಕ್ಕೆ ಬೇರೆಯೇ ಒಪ್ಪಿಗೆ ಬೇಕು. ಈಚೆಗೆ ನಾನು ಕಾಣುವ ತೊಡಕುಗಳಲ್ಲಿ ಬಹುಪಾಲು ಈ ಕೊನೆಯದ್ದು. ರಂಗದ ಮೇಲೆ ತಪ್ಪಾಗಿರುವುದಿಲ್ಲ. ಮರುದಿನ ಬೆಳಿಗ್ಗೆ ಉತ್ಸಾಹದಿಂದ ಯಾರೋ ವಿಡಿಯೋ ಏರಿಸಿರುತ್ತಾರೆ.

ಕಾಲೇಜಿನವರು ಸಾಮಾನ್ಯವಾಗಿ ಜೆರಾಕ್ಸಿನ ಬಗ್ಗೆ ಕೇಳುತ್ತಾರೆ. ಮೂರು ದೊಡ್ಡ ಪ್ರಕಾಶನ ಸಂಸ್ಥೆಗಳು ದೆಹಲಿ ವಿಶ್ವವಿದ್ಯಾಲಯದ ಒಂದು ಜೆರಾಕ್ಸ್ ಅಂಗಡಿಯ ಮೇಲೆ 2012ರಲ್ಲಿ ದಾವೆ ಹೂಡಿದ್ದವು. 2016ರಲ್ಲಿ ದೆಹಲಿ ಹೈಕೋರ್ಟು, ಪಾಠದ ಅಗತ್ಯಕ್ಕಾಗಿ ಪುಸ್ತಕದ ಭಾಗಗಳನ್ನು ಪ್ರತಿ ಮಾಡಿಕೊಳ್ಳಲು ಕಾಯ್ದೆಯಲ್ಲೇ ಅವಕಾಶವಿದೆ ಎಂದು ತೀರ್ಪಿತ್ತಿತು. ಬಡ ಮಕ್ಕಳಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ಅಂದ ಮಾತ್ರಕ್ಕೆ ಬೇರೆಯವರ ಪುಸ್ತಕದ ಪುಟಗಳನ್ನು ಜೋಡಿಸಿ, ಮುಖಪುಟ ಹಾಕಿ, ಬೆಲೆ ಅಚ್ಚು ಮಾಡಿ ಮಾರಬಹುದು ಎಂದಲ್ಲ.

ಇನ್ನು, ಯಾವ ಸಾಹಿತಿಯ ಕೃತಿ ಯಾವಾಗ ಎಲ್ಲರದ್ದಾಗುತ್ತದೆ ಎಂಬ ಲೆಕ್ಕ. ಬರೆದವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ. ಬಿ.ಎಂ.ಶ್ರೀ. ಮತ್ತು ಕೈಲಾಸಂ ಇಬ್ಬರೂ 1946ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2007ರಿಂದ ಎಲ್ಲರ ಸೊತ್ತು. ಗೋವಿಂದ ಪೈಗಳು 1963ರಲ್ಲಿ ಹೋದರು. ಅವರವು 2024ರ ಜನವರಿ 1ರಿಂದ. ಡಿ.ವಿ.ಜಿ.ಯವರು ತೀರಿಕೊಂಡದ್ದು 1975ರಲ್ಲಿ. ಆದ್ದರಿಂದ 2035 ಮುಗಿಯುವವರೆಗೆ ಹಕ್ಕುದಾರರ ಒಪ್ಪಿಗೆ ಬೇಕೇ ಬೇಕು. ಮೂಲ ಮುಕ್ತವಾದರೂ ಅದಕ್ಕೆ ಈಚೆಗೆ ಒಬ್ಬರು ಬರೆದ ಮುನ್ನುಡಿ, ಟಿಪ್ಪಣಿ ಮುಕ್ತವಾಗಿರುವುದಿಲ್ಲ ಎಂಬುದನ್ನು ಪ್ರಕಾಶಕರು ಮರೆಯಬಾರದು. ಹಕ್ಕು ಇರುವಾಗಲೇ ಮನಸ್ಸಾರೆ ಬಿಟ್ಟುಕೊಡುವ ದಾರಿಯೂ ಇದೆ. ನಿರಂಜನರ ಕುಟುಂಬ 2014ರಲ್ಲಿ ಅವರ 55 ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಓದುಗರಿಗೆ ಕೊಟ್ಟಿತು. ಲೇಖಕರ ಹೆಸರು ಹಾಕಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಬಳಸಬಹುದು.

ಮತ್ತೆ ಆ ಜಮಖಾನದ ಬಳಿಗೆ ಹೋಗೋಣ. 1981ರ ಸಂಚಿಕೆಯಲ್ಲಿ ಒಂದು ಕವಿತೆ ಇತ್ತು. ಬರೆದವರು ತೀರಿಹೋಗಿದ್ದರು. ಮಗಳು ದಾವಣಗೆರೆಯಲ್ಲಿದ್ದಾರೆ ಎಂದು ತಿಳಿದು ಸಂಘದ ಲೆಟರ್‌ಹೆಡ್ಡಿನಲ್ಲಿ ಕಾಗದ ಬರೆದೆವು. ಹದಿನೈದು ದಿನಕ್ಕೆ ಉತ್ತರ ಬಂತು. ಒಪ್ಪಿಗೆ ಇತ್ತು. ಕೆಳಗೆ ಇನ್ನೆರಡು ಸಾಲು: “ಮೂರನೇ ಪದ್ಯದಲ್ಲಿ ‘ಮಲೆಯ ಹಾಡು’ ಎಂದು ಅಚ್ಚಾಗಿದೆ. ಅಪ್ಪ ಬರೆದದ್ದು ‘ಮಳೆಯ ಹಾಡು’. ಅದೊಂದು ಅಕ್ಷರಕ್ಕೆ ಅವರು ಕೊನೆಯವರೆಗೂ ನೊಂದುಕೊಂಡಿದ್ದರು, ದಯವಿಟ್ಟು ಸರಿಮಾಡಿ.” ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾವು ಕೇಳದೆ ಹಾಕಿಕೊಂಡಿದ್ದರೆ ಆ ತಪ್ಪು ಇನ್ನೊಂದು ಪುಸ್ತಕಕ್ಕೆ ದಾಟುತ್ತಿತ್ತು. ಬರೆದವರ ಹೆಸರು ಹಾಕಬೇಕು, ಅವರ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ಕೆಡಿಸಬಾರದು ಎಂದು ಕಾಯ್ದೆಯ 57ನೇ ಕಲಮು ಹೇಳುತ್ತದೆ. ಹಕ್ಕನ್ನು ಮಾರಿದ ಮೇಲೂ ಇದು ಬರೆದವರಲ್ಲೇ ಉಳಿಯುತ್ತದೆ. ಆ ಕಲಮು ಯಾಕಿದೆ ಎಂದು ನನಗೆ ನಿಜವಾಗಿ ಅರ್ಥವಾದದ್ದು ಆ ಕಾಗದ ಓದಿದಾಗ.

ಅಂದಿನಿಂದ ಆ ಸಂಘದಲ್ಲಿ ನಡಾವಳಿ ಪುಸ್ತಕದ ಪಕ್ಕದಲ್ಲೇ ಒಂದು ಉದ್ದನೆಯ ರಿಜಿಸ್ಟರು ಇದೆ. ಕೃತಿ, ಬರೆದವರು, ಒಪ್ಪಿಗೆಯ ತಾರೀಖು, ಯಾವುದಕ್ಕೆ ಒಪ್ಪಿಗೆ, ಎಲ್ಲಿಯವರೆಗೆ, ಕಾಗದ ಯಾವ ಫೈಲಿನಲ್ಲಿದೆ, ಇಷ್ಟೇ ಕಾಲಮು. ಕಾರ್ಯದರ್ಶಿ ಬದಲಾದಾಗ ಬೀಗದ ಕೈ ಜೊತೆ ಅದನ್ನೂ ಒಪ್ಪಿಸುತ್ತಾರೆ.

ಒಪ್ಪಿಗೆ ಪತ್ರ ಹೇಗೆ ಬರೆಯಬೇಕು ಎಂದು ತುಂಬಾ ಜನ ಕೇಳುತ್ತಾರೆ. ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದೇ ವರ್ಷ ಎಂದು ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು. ಜಾಲತಾಣದಲ್ಲಿ ಹಾಕಿದ್ದನ್ನು ದುಬೈಯಲ್ಲೂ ಓದುತ್ತಾರೆ, ಡೆಟ್ರಾಯಿಟಿನಲ್ಲೂ ಓದುತ್ತಾರೆ. ಆದ್ದರಿಂದ ಎರಡನ್ನೂ ಬರೆಯಲೇಬೇಕು. ಪೆನ್ನು ಕಾಗದ ಹತ್ತಿರ ಇದ್ದವರು ಬರೆದುಕೊಳ್ಳಿ, ನಿಧಾನವಾಗಿ ಹೇಳುತ್ತೇನೆ.

‘ನಾನು ಬರೆದ ಇಂಥ ಹೆಸರಿನ ಲೇಖನವನ್ನು ಇಂಥ ಸಂಘದವರು ತಮ್ಮ ಸ್ಮರಣ ಸಂಚಿಕೆಯಲ್ಲಿ ಅಚ್ಚು ಮಾಡಲು ಮತ್ತು ಸಂಘದ ಜಾಲತಾಣದಲ್ಲಿ ಇಡಲು ಒಪ್ಪಿದ್ದೇನೆ. ಈ ಒಪ್ಪಿಗೆ ಇಷ್ಟು ವರ್ಷಗಳಿಗೆ, ಎಲ್ಲ ದೇಶಗಳಿಗೆ ಅನ್ವಯಿಸುತ್ತದೆ. ಇದಕ್ಕಾಗಿ ಇಷ್ಟು ಗೌರವಧನ ಪಡೆದಿದ್ದೇನೆ’, ಬೇಡ ಎಂದಿದ್ದರೆ, ‘ಗೌರವಧನ ಬೇಡವೆಂದು ತಿಳಿಸಿದ್ದೇನೆ.’ ಎರಡರಲ್ಲಿ ಯಾವುದಾದರೂ ಮುಂದೆ ಹೀಗೆ: ‘ಲೇಖನದ ಹಕ್ಕು ನನ್ನಲ್ಲೇ ಉಳಿಯುತ್ತದೆ. ನನ್ನ ಹೆಸರು ಹಾಕತಕ್ಕದ್ದು. ತಿದ್ದುಪಡಿ ಮಾಡಿದರೆ ಅಚ್ಚಿಗೆ ಮುಂಚೆ ನನಗೆ ತೋರಿಸತಕ್ಕದ್ದು.’ ಕೆಳಗೆ ಇಬ್ಬರ ಸಹಿ, ತಾರೀಖು, ಊರು.

ಎರಡು ಪ್ರತಿ ಮಾಡಿ. ಒಂದು ಬೀರುವಿಗೆ. ಇನ್ನೊಂದನ್ನು ಬರೆದವರ ಮನೆಗೆ ನೀವೇ ಹೋಗಿ ಕೊಟ್ಟು ಬನ್ನಿ.

ನಮಸ್ಕಾರ.