ಒಂಬತ್ತು ಸೀಸನ್ ಫ್ಲ್ಯಾಶ್, ನಡುವೆ ಒಂದು ಹಸಿರು ಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬೆಳಿಗ್ಗೆ ಏಳೂವರೆಗೇ ಬಿಸಿಲು ನೋಡಿ, ಹಾಲ್‌ನ ಅರ್ಧದವರೆಗೂ ಬಂದುಬಿಟ್ಟಿದೆ. ಆ ಟಿವಿ ಮೇಲೆ ಉದ್ದಕ್ಕೆ ಒಂದು ಹಸಿರು ಗೆರೆ ಕಾಣುತ್ತಿದೆ ಅಲ್ವಾ? ಅದು ಕ್ಯಾಮೆರಾದ ತೊಂದರೆ ಅಲ್ಲ. ಅದರ ಕಥೆ ದೊಡ್ಡದು, ಆಮೇಲೆ ಹೇಳುತ್ತೇನೆ.

ಇವತ್ತಿನ ವಿಷಯ ಏನು ಅಂದರೆ, ನಾನು, ನನ್ನ ತಮ್ಮ ಎರಡು ತಿಂಗಳಿಂದ 'ದಿ ಫ್ಲ್ಯಾಶ್' ಸೀರೀಸ್ ಮತ್ತೆ ಮೊದಲಿಂದ ನೋಡುತ್ತಿದ್ದೇವೆ. ಮಿಂಚಿನ ವೇಗದಲ್ಲಿ ಓಡುವ ಬ್ಯಾರಿ ಅನ್ನೋ ಸೂಪರ್‌ಹೀರೋ ಕಥೆ ಅದು, ಅವನೇ ಫ್ಲ್ಯಾಶ್. ಒಂಬತ್ತು ಸೀಸನ್, 184 ಕಂತು. ಒಂದೊಂದು 42 ನಿಮಿಷದ ಆಸುಪಾಸು. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 130 ಗಂಟೆ. ಇನ್ನು ನಾಲ್ಕೇ ಕಂತು ಬಾಕಿ ಇದೆ. ಗುರುವಾರ ತಮ್ಮ ಕೆಲಸಕ್ಕೆ ಅಂತ ಪುಣೆಗೆ ಹೋಗುತ್ತಾನೆ. ಮೊದಲ ಸಲ ಶುರು ಮಾಡಿದಾಗ ಅವನು ಐದನೇ ಕ್ಲಾಸ್. ಕೆಂಪು ಟವೆಲ್ ಕಟ್ಟಿಕೊಂಡು ಮನೆ ತುಂಬಾ ಓಡುತ್ತಿದ್ದ. ಈಗ ನೋಡಿ, ಗಡ್ಡ ಬಿಟ್ಟುಕೊಂಡು ಇಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾನೆ.

ತಿಂಡಿಗೆ ಒಗ್ಗರಣೆ ಮಂಡಕ್ಕಿ. ಇದನ್ನು ಹೇಗೆ ಮಾಡೋದು ಅಂತ ಹೇಳಲ್ಲ, ನೋಡಿದರೆ ಗೊತ್ತಾಗುತ್ತೆ. ಪುಟಾಣಿ ಪುಡಿ ಮಾತ್ರ ಕೈತುಂಬಾ ಹಾಕಿ, ಜಿಪುಣತನ ಮಾಡಬೇಡಿ.

ಸರಿ, ಸೀಸನ್ ಒಂದು. 2014ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಿಡಬ್ಲ್ಯೂ ಚಾನೆಲ್‌ನಲ್ಲಿ ಶುರುವಾಗಿದ್ದು. ನನಗೆ ಇವತ್ತಿಗೂ ಅದಕ್ಕಿಂತ ಒಳ್ಳೆಯ ಸೂಪರ್‌ಹೀರೋ ಸೀಸನ್ ಸಿಕ್ಕಿಲ್ಲ. ಯಾಕೆ ಅಂದರೆ ವಿಲನ್ ಹೊರಗಿನವನಲ್ಲ. ಬ್ಯಾರಿ ಕೋಮಾದಲ್ಲಿ ಒಂಬತ್ತು ತಿಂಗಳು ಮಲಗಿದ್ದಾಗ ನೋಡಿಕೊಂಡವನು, ಓಡೋದು ಹೇಗೆ ಅಂತ ಕಲಿಸಿದವನು, ಅವನೇ ಇವನ ತಾಯಿಯನ್ನು ಕೊಂದವನು. ಟಾಮ್ ಕ್ಯಾವನಾ ಮಾಡಿದ ಆ ವೆಲ್ಸ್ ಪಾತ್ರ! 15ನೇ ಕಂತಿನಲ್ಲಿ, ವೆಲ್ಸ್‌ನ ಲ್ಯಾಬ್‌ನಲ್ಲೇ ಕೆಲಸ ಮಾಡುವ ಬ್ಯಾರಿಯ ಗೆಳೆಯ ಸಿಸ್ಕೋಗೆ ನಿಜ ಗೊತ್ತಾಗುತ್ತೆ. ವೆಲ್ಸ್ ಗಾಲಿಕುರ್ಚಿ ಬಿಟ್ಟು ಎದ್ದು ನಿಂತಿರುತ್ತಾನೆ. ದನಿ ಏರಿಸಲ್ಲ. ನೀನು ಮಗನ ಹಾಗಿದ್ದೆ ಅನ್ನೋ ಅರ್ಥದಲ್ಲಿ ಮೆತ್ತಗೆ ಮಾತಾಡುತ್ತಾನೆ. ಮಾತಾಡುತ್ತಾ ಕೈ ಕಂಪಿಸೋಕೆ ಶುರುವಾಗುತ್ತೆ, ಆ ಕೈ ಸೀದಾ ಎದೆಯೊಳಗೆ. ಸಿಸ್ಕೋ ಮುಖದಲ್ಲಿ ನೋವಿಗಿಂತ ಜಾಸ್ತಿ ಇರೋದು ನಂಬಲಾಗದ ಸಂಕಟ. ಮುಂದೆ ಬ್ಯಾರಿ ಹಿಂದಿನ ಕಾಲಕ್ಕೆ ಓಡಿದ್ದರಿಂದ ಅವನು ಉಳಿಯುತ್ತಾನೆ, ಅದು ಬೇರೆ ಮಾತು. ತಮ್ಮ ಚಿಕ್ಕವನಿದ್ದಾಗ ಈ ದೃಶ್ಯ ಬಂದರೆ ನನ್ನ ಬೆನ್ನ ಹಿಂದೆ ಅಡಗುತ್ತಿದ್ದ. ಈ ಸಲ ಅಡಗಲಿಲ್ಲ, ಆದರೆ ತಿನ್ನುತ್ತಿದ್ದ ಚಿಪ್ಸ್ ಕೈಯಲ್ಲೇ ಉಳಿಯಿತು.

ಆ ಸೀಸನ್‌ನ ಕೊನೆಯ ಕಂತು. ಬ್ಯಾರಿ ಹಿಂದಿನ ಕಾಲಕ್ಕೆ ಓಡುತ್ತಾನೆ, ತಾಯಿಯನ್ನು ಉಳಿಸಬೇಕು ಅಂತ. ಬಾಗಿಲ ಸಂದಿಯಿಂದ ನೋಡಿದರೆ ಅಲ್ಲಿ ಮುಂದಿನ ಕಾಲದ ಅವನೇ ಇದ್ದಾನೆ, ಬೇಡ ಅಂತ ಕೈ ಸನ್ನೆ ಮಾಡುತ್ತಾನೆ. ಇವನು ನಿಲ್ಲುತ್ತಾನೆ. ತಾಯಿಗೆ ಚಾಕು ಬಿದ್ದ ಮೇಲೆ ಒಳಗೆ ಹೋಗಿ, ಮಂಡಿಯೂರಿ, ಮುಖವಾಡ ತೆಗೆದು, ನಾನು ನಿನ್ನ ಮಗ, ಚೆನ್ನಾಗಿದ್ದೇನೆ ಅಂತ ಹೇಳುತ್ತಾನೆ. ಅವಳು ಅವನ ಕೈಯಲ್ಲೇ ಹೋಗುತ್ತಾಳೆ. ನಮ್ಮ ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಅವತ್ತು ಅಮ್ಮ ಹುರುಳಿಕಾಯಿ ಬಿಡಿಸುತ್ತಾ ಸುಮ್ನೆ ಕೂತಿದ್ದರು. ಒಂದು ಮಾತೂ ಕೇಳಲಿಲ್ಲ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಕಾಯಿ ಎತ್ತಿಕೊಂಡು ಒಳಗೆ ಹೋದರು. ಅದು ಸೀರೀಸ್ ಅಂದರೆ!

ಹಾಂ, ಇನ್ನೊಂದು. ಬ್ಯಾರಿಯ ಅಪ್ಪನಾಗಿ ಮಾಡಿರೋ ಜಾನ್ ವೆಸ್ಲಿ ಶಿಪ್, 1990ರಲ್ಲಿ ಬಂದ ಹಳೇ ಫ್ಲ್ಯಾಶ್ ಸೀರಿಯಲ್‌ನಲ್ಲಿ ಅವರೇ ಫ್ಲ್ಯಾಶ್. ಹೆಂಡತಿಯನ್ನು ಕೊಂದ ಅನ್ನೋ ಸುಳ್ಳು ಆರೋಪಕ್ಕೆ ಜೈಲಿಗೆ ಹೋದ ಅಪ್ಪ, ಗಾಜಿನ ಆಚೆ ಕೂತು ಮಗನ ಹತ್ತಿರ ಫೋನ್‌ನಲ್ಲಿ ಮಾತಾಡುವ ದೃಶ್ಯಗಳನ್ನು ಇದು ಗೊತ್ತಿದ್ದು ನೋಡಿದರೆ ಬೇರೆ ಥರಾನೇ ಅನಿಸುತ್ತೆ.

ಮಂಡಕ್ಕಿ ಆಯಿತು. ಮಿರ್ಚಿ ಹೊರಗಿಂದ ತಂದಿದ್ದು, ನಾನು ಮಾಡಿದ್ದಲ್ಲ. ತಿನ್ನುತ್ತಾ ಮುಂದಿನದು ಹೇಳುತ್ತೇನೆ.

ಸೀಸನ್ ಎರಡೂ ಚೆನ್ನಾಗಿದೆ. ಅದರ ವಿಲನ್ ಝೂಮ್, ಅವನೂ ಓಡುವವನೇ, ನಿಜಕ್ಕೂ ಹೆದರಿಸುತ್ತಾನೆ. ಆದರೆ ಮೊದಲ ಬಿರುಕು ಬಿಟ್ಟಿದ್ದು ಎಲ್ಲಿ ಅಂದರೆ ಅದರ ಕೊನೆಯಲ್ಲೇ. ಅಪ್ಪನೂ ಸತ್ತ ದುಃಖದಲ್ಲಿ ಬ್ಯಾರಿ ಮತ್ತೆ ಹಿಂದಕ್ಕೆ ಓಡಿ ತಾಯಿಯನ್ನು ಉಳಿಸಿಬಿಡುತ್ತಾನೆ. ಪ್ರಪಂಚವೇ ಬದಲಾಗುತ್ತೆ. ಅದಕ್ಕೆ ಫ್ಲ್ಯಾಶ್‌ಪಾಯಿಂಟ್ ಅಂತ ಹೆಸರು, ಕಾಮಿಕ್ಸ್‌ನಲ್ಲಿ 2011ರಲ್ಲಿ ಬಂದ ದೊಡ್ಡ ಕಥೆ ಅದು. ನಾವಿಬ್ಬರೂ ಒಂದು ಇಡೀ ವರ್ಷ ಇದೇ ಇರುತ್ತೆ ಅಂತ ಕಾದಿದ್ದೆವು. ಸೀಸನ್ ಮೂರರ ಒಂದೇ ಕಂತಿನಲ್ಲಿ ಮುಗಿಸಿಬಿಟ್ಟರು! ಅಪ್ಪ ಅಮ್ಮ ಇಬ್ಬರೂ ಬದುಕಿರೋ ಮನೆಯಲ್ಲಿ ಆ ಹುಡುಗ ಹೇಗಿರುತ್ತಾನೆ, ಬೆಳಿಗ್ಗೆ ಎದ್ದು ಏನು ಮಾತಾಡುತ್ತಾನೆ, ಯಾವುದನ್ನೂ ನೋಡೋಕೆ ಬಿಡಲಿಲ್ಲ. ನನಗೆ ಆ ಸಿಟ್ಟು ಇನ್ನೂ ಹೋಗಿಲ್ಲ.

ಸಿಟ್ಟು ಅಂದ ಮೇಲೆ ಟಿವಿ ಕಥೆ ಈಗಲೇ ಹೇಳಿಬಿಡುತ್ತೇನೆ.

ಮೂರು ದಿನದ ಹಿಂದೆ ಸೀಸನ್ ಏಳು ನೋಡುತ್ತಿದ್ದೆವು. ಟಿವಿ ನಡುವೆ ಈ ಹಸಿರು ಗೆರೆ ಬಂತು. ಮೊದಲು ಅದು ಸೀರೀಸ್‌ನದೇ ಮಿಂಚು ಅಂದುಕೊಂಡೆವು. ಸೀರೀಸ್ ನಿಲ್ಲಿಸಿದರೂ ಗೆರೆ ಹೋಗಲಿಲ್ಲ. ಒಬ್ಬ ರಿಪೇರಿಯವರಿಗೆ ಫೋನ್ ಮಾಡಿದೆ. ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು ಎರಡು ನಿಮಿಷ ನಿಂತು ನೋಡಿದರು, ರಿಮೋಟ್ ಒತ್ತಿದರು, "ಪ್ಯಾನೆಲ್ ಹೋಗಿದೆ ಮೇಡಂ" ಅಂದರು. ಪ್ಯಾನೆಲ್‌ಗೆ 16,000. ಅದಕ್ಕಿಂತ ಹೊಸದು ತಗೊಳ್ಳಿ, 22,000ಕ್ಕೆ ಕೊಡಿಸುತ್ತೇನೆ ಅಂದರು. ಬಂದಿದ್ದಕ್ಕೆ 400 ರೂಪಾಯಿ. ಹಿಂದಿನ ಮುಚ್ಚಳ ತೆಗೆಯಲಿಲ್ಲ! ಒಂದು ಸ್ಕ್ರೂ ಬಿಚ್ಚಲಿಲ್ಲ! ಬಿಚ್ಚಿ ನೋಡಿ ಅಂತ ನಾನೇ ಕೇಳಿದೆ. ಬಿಚ್ಚಿದರೆ ಬೇರೆ ಚಾರ್ಜ್ ಅಂದರು. ನನಗೆ 400 ರೂಪಾಯಿಯ ಚಿಂತೆ ಅಲ್ಲ. ಅಪ್ಪ ಈ ಟಿವಿಯನ್ನು ಕಂತಿನಲ್ಲಿ ತಂದಿದ್ದು, ಹನ್ನೆರಡು ತಿಂಗಳು ಕಟ್ಟಿದ್ದಾರೆ. ಕಸಕ್ಕೆ ಹಾಕಿ ಅಂತ ಹೇಳೋ ಮೊದಲು ಒಳಗೆ ಏನಾಗಿದೆ ಅಂತ ನೋಡಬೇಕಲ್ವಾ? ಅವತ್ತು ರಾತ್ರಿ ಊಟ ಸೇರಲಿಲ್ಲ ನನಗೆ.

ಇವತ್ತು ಹನ್ನೊಂದು ಗಂಟೆಗೆ ಇನ್ನೊಬ್ಬರು ಬರುತ್ತಾರೆ, ಅಪ್ಪನಿಗೆ ಗೊತ್ತಿರೋ ಹಿರಿಯರು. ನೋಡೋಣ.

ಅಲ್ಲಿವರೆಗೆ ನಡುವಿನ ಸೀಸನ್‌ಗಳು. ಮೂರರಲ್ಲಿ ವಿಲನ್ ಮತ್ತೆ ಓಡುವವನೇ, ಸಾವಿಟಾರ್. ಸತತ ಮೂರನೇ ವರ್ಷ. ಕೊನೆಗೆ ಅವನೂ ಬ್ಯಾರಿಯೇ ಅಂತ ಗೊತ್ತಾಗುತ್ತೆ. ಇಪ್ಪತ್ತು ಕಂತು ಕಾಯಿಸಿ ಹೇಳಿದರು, ನಾವು ಅಷ್ಟೊತ್ತಿಗೆ ಊಹಿಸಿ ಆಗಿತ್ತು. ನಾಲ್ಕು ಸುಮ್ನೆ ವೇಸ್ಟ್. ಅದರಲ್ಲೇ ಬ್ಯಾರಿ ಮದುವೆಯಾಗುವ ಐರಿಸ್, ಫ್ಲ್ಯಾಶ್ ಅಂದರೆ ನೀನೊಬ್ಬನೇ ಅಲ್ಲ, ನಾವೆಲ್ಲ ಅನ್ನೋ ಮಾತು ಶುರು ಮಾಡಿದ್ದು. ಅಲ್ಲಿಂದ ಪ್ರತಿ ಕಂತಿನಲ್ಲೂ ಲ್ಯಾಬ್‌ನ ಕಾರಿಡಾರ್‌ನಲ್ಲಿ ಯಾರಾದರೂ ಒಬ್ಬರು ಬ್ಯಾರಿಯನ್ನು ನಿಲ್ಲಿಸಿಕೊಂಡು ಧೈರ್ಯ ಹೇಳಲೇಬೇಕು. ವಿಲನ್ ಹೊರಗೆ ಊರು ಹಾಳು ಮಾಡುತ್ತಿರುತ್ತಾನೆ, ಇಲ್ಲಿ ಭಾಷಣ.

ತಮ್ಮ ಅಲ್ಲಿಂದಲೇ ತಲೆ ಅಲ್ಲಾಡಿಸುತ್ತಿದ್ದಾನೆ ನೋಡಿ. "ಅಕ್ಕಾ, ಡಿವೋ ಹೆಂಡತಿ?"

ಹೌದು, ಅದು ನಿಜ. ವೇಸ್ಟ್ ಅಂದಿದ್ದು ತಪ್ಪು, ವಾಪಸ್ ತಗೊಳ್ಳುತ್ತೇನೆ. ಸೀಸನ್ ನಾಲ್ಕರ ವಿಲನ್ ಡಿವೋ ಓಡುವವನಲ್ಲ, ಯೋಚಿಸುವವನು. ಬೇರೆಯವರ ದೇಹ ಸೇರಿಕೊಳ್ಳುತ್ತಾ ಹೋಗುತ್ತಾನೆ. ಒಂದೊಂದು ದೇಹ ಬದಲಾದ ಹಾಗೂ ಹೆಂಡತಿ ಮಾರ್ಲೀಸ್‌ಗೆ ಅವನು ದೂರವಾಗುತ್ತಾನೆ. ಆ ಗಂಡ ಹೆಂಡತಿ ಕಥೆ ಬಹಳ ಚೆನ್ನಾಗಿದೆ. ಬ್ಯಾರಿ ಮಾಡದ ಕೊಲೆಗೆ ಜೈಲಿಗೆ ಹೋಗೋದೂ ಅದರಲ್ಲೇ. ಅಪ್ಪ ಕಳೆದ ಜೈಲಿಗೇ. ಹಾಗೆ ನೋಡಿದರೆ ನಾಲ್ಕು ಅರ್ಧ ಒಳ್ಳೆಯದು. ಐದು ಮಾತ್ರ ಯಾರು ಏನೇ ಹೇಳಲಿ, ನನಗೆ ಆಗಲ್ಲ. ಸಿಕೇಡಾ ಅನ್ನೋ ಒಬ್ಬ ಮನುಷ್ಯ, ಒಂದು ಚೂರಿ, 22 ಕಂತು. ಅದು ಹತ್ತು ಕಂತಿನ ಕಥೆ.

ಆರನೇ ಸೀಸನ್‌ನ ಮೊದಲ ಅರ್ಧದ ವಿಲನ್ ಬ್ಲಡ್‌ವರ್ಕ್. ಮಾಡಿದ್ದು ಸೆಂಧಿಲ್ ರಾಮಮೂರ್ತಿ, ಭಾರತೀಯ ಮೂಲದ ಅಮೆರಿಕನ್ ನಟ. ಇವರನ್ನು ನಾನು ಮೊದಲು ನೋಡಿದ್ದು 'ಹೀರೋಸ್' ಸೀರೀಸ್‌ನಲ್ಲಿ, ಅಲ್ಲಿ ಚೆನ್ನೈನ ವಿಜ್ಞಾನಿ ಮೋಹಿಂದರ್. ಅದರ ಗತಿಯೂ ಇದೇ. 2006ರಲ್ಲಿ ಶುರುವಾದಾಗ ಎಲ್ಲರ ಬಾಯಲ್ಲೂ ಅದೇ. ಎರಡನೇ ಸೀಸನ್ ಹೊತ್ತಿಗೆ ಬರಹಗಾರರ ಮುಷ್ಕರ, 11 ಕಂತಿಗೆ ನಿಂತುಹೋಯಿತು. ಮತ್ತೆ ಹಳೇ ಹದ ಬರಲೇ ಇಲ್ಲ, 2010ರಲ್ಲಿ ಮುಚ್ಚಿತು. ಫ್ಲ್ಯಾಶ್‌ಗೂ ಹೀಗೊಂದು ಏಟು ಬಿತ್ತು. ಆರನೇ ಸೀಸನ್ 22 ಕಂತು ಆಗಬೇಕಿತ್ತು, 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶೂಟಿಂಗ್ ನಿಂತು 19ಕ್ಕೇ ಮುಗಿಸಬೇಕಾಯಿತು. ಐರಿಸ್ ಕನ್ನಡಿಯೊಳಗೆ ಸಿಕ್ಕಿಕೊಂಡಿದ್ದಳು, ಹಾಗೇ ಬಿಟ್ಟು ಹೋದರು. ಅದಕ್ಕೆ ನಾನು ಯಾರನ್ನೂ ಬಯ್ಯಲ್ಲ.

ಬೆಲ್ ಆಯಿತು. ಬಂದರು ಅನಿಸುತ್ತೆ. ಒಂದು ನಿಮಿಷ.

ನೋಡಿ, ಮುಚ್ಚಳ ಬಿಚ್ಚಿದ್ದಾರೆ. ಎಷ್ಟು ಧೂಳು! ಅಪ್ಪ ಟಾರ್ಚ್ ಹಿಡಿದಿದ್ದಾರೆ. ಅವರು ಕೆಲಸ ಮಾಡುವಾಗ ನಾನು ಜೋರಾಗಿ ಮಾತಾಡೋದು ಸರಿ ಇರಲ್ಲ, ಇಲ್ಲಿ ಅಡುಗೆಮನೆಯಿಂದ ಹೇಳುತ್ತೇನೆ.

ಏಳನೇ ಸೀಸನ್. ನನಗೆ ನಿಜವಾಗಿ ನೋವಾಗಿದ್ದು ಇಲ್ಲೇ. ಬ್ಯಾರಿಗೆ ವೇಗ ಕೊಡುವ ಶಕ್ತಿ ಇದೆಯಲ್ಲ, ಸ್ಪೀಡ್ ಫೋರ್ಸ್, ಅದು ಅವನ ತಾಯಿಯ ರೂಪದಲ್ಲಿ ಬರುತ್ತೆ. ಎರಡನೇ ಸೀಸನ್‌ನಲ್ಲೂ ಒಂದು ಸಲ ಹಾಗೇ ಬಂದಿತ್ತು. ಆಗ ತಾಯಿ ರೂಪದಲ್ಲಿ ಪಕ್ಕದಲ್ಲಿ ಕೂತು, ಅವನು ಚಿಕ್ಕವನಿದ್ದಾಗ ಓದಿ ಹೇಳುತ್ತಿದ್ದ ಡೈನೋಸಾರ್ ಪುಸ್ತಕವನ್ನು ಇಬ್ಬರೂ ಸೇರಿ ಓದುತ್ತಾರೆ. ಅದು ಸಮಾಧಾನ ಹೇಳೋಕೆ ಬಂದ ರೂಪ. ಏಳರಲ್ಲಿ ಅದೇ ಮುಖ ಬೇರೆ ಶಕ್ತಿಗಳನ್ನು ಕೊಲ್ಲೋಕೆ ಹೊರಡುತ್ತೆ, ಕಣ್ಣಲ್ಲಿ ಮಿಂಚು ಹೊಡೆಯುತ್ತೆ, ಬ್ಯಾರಿ ಅದರ ಜೊತೆ ಹೊಡೆದಾಡಬೇಕು. ನಟಿ ಮಿಶೆಲ್ ಹ್ಯಾರಿಸನ್ ತಪ್ಪಲ್ಲ, ಅವರಿಗೆ ಕೊಟ್ಟಿದ್ದನ್ನು ಚೆನ್ನಾಗೇ ಮಾಡಿದ್ದಾರೆ. ಆದರೆ ಆ ಮುಖ ನಮಗೆ ಏನಾಗಿತ್ತು? ಹುರುಳಿಕಾಯಿ ಬಿಡಿಸುತ್ತಿದ್ದ ಅಮ್ಮನನ್ನೂ ಅಳಿಸಿದ ಮುಖ ಅದು. ಅದನ್ನು ಎತ್ತಿಕೊಂಡು ಒಂದು ಫೈಟ್‌ಗೆ ಖರ್ಚು ಮಾಡಿಬಿಟ್ಟರು.

ಗ್ರಾಫಿಕ್ಸ್ ಕೆಟ್ಟಿತು ಅಂತ ಎಲ್ಲರೂ ಹೇಳುತ್ತಾರೆ. ಆ ಸೀಸನ್ ಕೊನೆಯಲ್ಲಿ ಮಿಂಚಿನ ಕತ್ತಿ ಹಿಡಿದು ಹೊಡೆದಾಡುತ್ತಾರಲ್ಲ, ಅದು ನನಗೂ ಸೇರಲಿಲ್ಲ. ಆದರೆ ಮೊದಲ ಸೀಸನ್‌ನಲ್ಲೂ ಗ್ರಾಫಿಕ್ಸ್ ಕಚ್ಚಾ ಇದ್ದ ಜಾಗ ಇವೆ, ಈ ಸಲ ನೋಡುವಾಗ ಎಷ್ಟೋ ಕಡೆ ಕಂಡಿತು. ನಮಗೆ ಯಾಕೆ ಆಗ ಲೆಕ್ಕಕ್ಕೇ ಬರಲಿಲ್ಲ? ಒಬ್ಬ ಹುಡುಗನಿಗೆ ಅಮ್ಮ ಇಲ್ಲ, ಅಪ್ಪ ಜೈಲಲ್ಲಿ, ಸಾಕಿದ ತಂದೆ ಜೋ ಎದುರಿಗೆ ಕೂತಿದ್ದಾರೆ. ಇಬ್ಬರೂ ಸೋಫಾದಲ್ಲಿ ಕೂತು ಮೂರು ನಿಮಿಷ ಮಾತಾಡಿದರೆ ಸಾಕಿತ್ತು. ಆ ಸೋಫಾ ಹೋಗಿ ಕಾರಿಡಾರ್ ಬಂತು ನೋಡಿ, ಅಲ್ಲೇ ಸೀರೀಸ್ ಇಳಿಯೋಕೆ ಶುರುವಾಯಿತು ಅಂತ ನಾನು ಹೇಳೋದು.

ಇನ್ನೂ ಕಾರಣ ಇವೆ, ಇಲ್ಲ ಅನ್ನಲ್ಲ. ಮೊದಲ ನಾಲ್ಕು ಸೀಸನ್ ಒಂದೊಂದೂ 23 ಕಂತು. ವರ್ಷಕ್ಕೆ ಇಷ್ಟು ಬರೆದರೆ ಯಾರಿಗಾದರೂ ಸರಕು ಖಾಲಿಯಾಗುತ್ತೆ. ನಡೆಸುವವರೂ ಬದಲಾದರು. ಆಂಡ್ರ್ಯೂ ಕ್ರೈಸ್‌ಬರ್ಗ್ 2017ರಲ್ಲಿ ಹೊರಗೆ, ಐದನೇ ಸೀಸನ್ ಆದ ಮೇಲೆ ಟಾಡ್ ಹೆಲ್ಬಿಂಗ್ ಹೊರಗೆ, ಆರರಿಂದ ಕೊನೆವರೆಗೆ ಎರಿಕ್ ವಾಲೇಸ್. ಏಳರಲ್ಲಿ ಸಿಸ್ಕೋ ಮಾಡಿದ ಕಾರ್ಲೋಸ್ ವಾಲ್ಡೆಸ್, ಟಾಮ್ ಕ್ಯಾವನಾ ಇಬ್ಬರೂ ಬಿಟ್ಟರು. ಸಿಸ್ಕೋ ಹೋದ ಮೇಲೆ ಆ ಲ್ಯಾಬ್ ಬಾಡಿಗೆಗೆ ಖಾಲಿ ಇರೋ ಮನೆ ಥರ ಕಾಣುತ್ತಿತ್ತು. ಬ್ಯಾರಿ ಮಾಡಿದ ಗ್ರ್ಯಾಂಟ್ ಗಸ್ಟಿನ್ ಒಬ್ಬರು ಮಾತ್ರ ಒಂಬತ್ತು ವರ್ಷವೂ ಒಂದು ದೃಶ್ಯದಲ್ಲೂ ಕೈ ಬಿಟ್ಟಿಲ್ಲ. ಬರವಣಿಗೆ ಎಷ್ಟೇ ಸಪ್ಪೆ ಇರಲಿ, ಆ ಮನುಷ್ಯನ ಕಣ್ಣು ಸುಳ್ಳು ಹೇಳಲ್ಲ. ಅವರಿಗೋಸ್ಕರವೇ ನಾವು ಇಲ್ಲಿವರೆಗೂ ಬಂದಿದ್ದು.

ಟಿವಿ! ಬನ್ನಿ ಬನ್ನಿ, ಇದನ್ನು ನೋಡಿ. ಗೆರೆ ಇಲ್ಲ! ಒಳಗೆ ಒಂದು ರಿಬ್ಬನ್ ಕೇಬಲ್ ಸಡಿಲ ಆಗಿತ್ತಂತೆ. ತೆಗೆದು, ಒರೆಸಿ, ಮತ್ತೆ ಸಿಕ್ಕಿಸಿದರು, ಅಷ್ಟೇ. 500 ರೂಪಾಯಿ ಕೊಟ್ಟೆವು. ಅವರು 300 ಸಾಕು ಅಂದರು, ಅಪ್ಪ ಕೇಳಲಿಲ್ಲ. ಟೀ ಕುಡಿದು ಹೋದರು.

ಈಗ ಸಂಜೆ ಆರೂವರೆ. ತಮ್ಮನ ಬ್ಯಾಗ್ ಅರ್ಧ ತುಂಬಿದೆ, ಆ ಮೂಲೆಯಲ್ಲಿ ಇದೆ, ಅದನ್ನು ತೋರಿಸಬೇಡ ಅಂತಾನೆ. ಕೊನೆಯ ನಾಲ್ಕು ಕಂತಿನಲ್ಲಿ ಮೊದಲನೆಯದು ಹಾಕಿದ್ದೇವೆ, 2023ರ ಮೇ ತಿಂಗಳಲ್ಲಿ ಬಂದಿದ್ದು. ಸ್ಕ್ರೀನ್ ತೋರಿಸೋ ಹಾಗಿಲ್ಲ, ನಮ್ಮ ಮುಖ ನೋಡಿ ಸಾಕು.

ಇದರಲ್ಲಿ ಬ್ಯಾರಿ 2000ನೇ ಇಸವಿಗೆ ಹೋಗಿ ಬೀಳುತ್ತಾನೆ. ತಾಯಿ ಸಾಯುವ ದಿನ. ಅಪ್ಪ ಇದ್ದಾರೆ, ಅಮ್ಮ ಇದ್ದಾರೆ, ಚಿಕ್ಕ ಬ್ಯಾರಿ ಇದ್ದಾನೆ, ಅದೇ ಮನೆ. ಫ್ಲ್ಯಾಶ್‌ಪಾಯಿಂಟ್‌ನಲ್ಲಿ ನಮಗೆ ತೋರಿಸದೆ ಮುಗಿಸಿದ್ದನ್ನು ಇಲ್ಲಿ ಕೂರಿಸಿಕೊಂಡು ತೋರಿಸುತ್ತಾರೆ. ಏಳು ವರ್ಷ ತಡ. ಎಂಟು, ಒಂಬತ್ತು ಎರಡೂ ನೋಡೋದೇ ಬೇಡ ಅಂತ ಹೋದ ವಾರ ಹೇಳಿದ್ದೆ ಅಲ್ವಾ, ಆ ಮಾತನ್ನೂ ಮರೆತುಬಿಡಿ. ಈ ಒಂದು ಕಂತಿಗೆ ನೋಡಿ.

ಅಮ್ಮ ಬಂದರು. ಸೊಪ್ಪಿನ ಕಟ್ಟು ತಂದು ಕೆಳಗೆ ಕೂತಿದ್ದಾರೆ. ಸ್ವಲ್ಪ ಹೊತ್ತು ನೋಡಿ ಕೇಳಿದರು:

"ಇದು ಅದೇ ತಾಯಿ ತಾನೆ?"

ತಮ್ಮ "ಹೂಂ ಅಮ್ಮ, ಅದೇ" ಅಂದ.

"ಬದುಕಿದಳಾ ಹಂಗಾದ್ರೆ?"

ಅವನು ಉತ್ತರ ಕೊಡಲಿಲ್ಲ. ಕೆಳಗೆ ಇಳಿದು ಅಮ್ಮನ ಪಕ್ಕ ಕೂತು, ಸೊಪ್ಪು ಬಿಡಿಸೋಕೆ ಶುರು ಮಾಡಿದ್ದಾನೆ. ಬ್ಯಾಟರಿ ಕೆಂಪು ತೋರಿಸುತ್ತಿದೆ, ನಾನೂ ಹೋಗಿ ಕೂರುತ್ತೇನೆ. ಇನ್ನೂ ಮೂರು ಕಂತು ಇದೆ.