ಹಳೇ ಟ್ರ್ಯಾಕ್ಟರನ್ನು ತಣ್ಣಗಿರುವಾಗ ನೋಡಿ

ರೈತ ಬಾಂಧವರೇ, ನಮಸ್ಕಾರ.

ಹಳೇ ಟ್ರ್ಯಾಕ್ಟರ್ ಕೊಳ್ಳುವವರೆಲ್ಲ ಕೇಳುವುದು, ಯಾವ ಕಂಪನಿಯದು ಗಟ್ಟಿ ಅಂತ. ಬಾನೆಟ್ ಮೇಲಿನ ಹೆಸರು ಬಿಡಿ. ಒಳಗಿರುವ ಎಂಜಿನ್ ಯಾವುದು ಕೇಳಿ, ಅದನ್ನು ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ನೋಡಿ. ಇಷ್ಟೇ ನನ್ನ ಮಾತು.

ಮ್ಯಾಸಿ ಫರ್ಗುಸನ್ 35 ಟ್ರ್ಯಾಕ್ಟರಿನ ಕಥೆ ಹೇಳದೆ ಮುಂದೆ ಹೋಗಲಾರೆ. ಮೊದಲು ಬಂದ ಡೀಸೆಲ್ 35ಕ್ಕೆ ಸ್ಟ್ಯಾಂಡರ್ಡ್ ಅನ್ನುವ ಕಂಪನಿಯ ನಾಲ್ಕು ಸಿಲಿಂಡರಿನ 23ಸಿ ಎಂಜಿನ್. ಚಳಿಯ ಬೆಳಗ್ಗೆ ಅದು ಹಠ ಹಿಡಿಯುತ್ತಿತ್ತು. ಎಂಜಿನ್ ಏಳುವ ಮೊದಲೇ ಬ್ಯಾಟರಿ ಮಲಗುತ್ತಿತ್ತು. 1959ರಲ್ಲಿ ಮ್ಯಾಸಿಯವರು ಎಂಜಿನ್ ಮಾಡುವ ಪರ್ಕಿನ್ಸ್ ಕಂಪನಿಯನ್ನೇ ಕೊಂಡರು. ಆ ವರ್ಷದ ಕೊನೆಗೆ ಅದೇ 35ರೊಳಗೆ ಪರ್ಕಿನ್ಸ್ 3.152 ಎಂಜಿನ್ ಕೂತಿತು. 3 ಅಂದರೆ ಸಿಲಿಂಡರ್, 152 ಅಂದರೆ ಘನ ಇಂಚು, ಸುಮಾರು ಎರಡೂವರೆ ಲೀಟರ್. ಒಂದು ಸಿಲಿಂಡರ್ ಕಡಿಮೆಯಾಯಿತು, ಸ್ಟಾರ್ಟಿಂಗಿನ ಗೋಳೂ ತಪ್ಪಿತು. ಸಿಲಿಂಡರ್ ಜಾಸ್ತಿ ಇದ್ದರೆ ಗಟ್ಟಿ ಅನ್ನುವವರು ಇದನ್ನು ಕೇಳಿಸಿಕೊಳ್ಳಲಿ! ಮುಂದೆ ಬಂದ ಮ್ಯಾಸಿಯ ಡೀಸೆಲ್ 135 ಟ್ರ್ಯಾಕ್ಟರಿಗೂ ಇದೇ ಕುಲದ ಎಂಜಿನ್ ಬಂತು. ಅದಕ್ಕೇ ಇದರ ಪಿಸ್ಟನ್, ಲೈನರ್, ಗ್ಯಾಸ್ಕೆಟ್ ಇವತ್ತಿಗೂ ಸಿಗುತ್ತವೆ. ಹೆಸರು ಒಂದೇ, 35. ಎರಡರಲ್ಲಿ ನಾನು ಕೊಳ್ಳಿ ಅನ್ನುವುದು ಮೂರು ಸಿಲಿಂಡರಿನದನ್ನು.

ಮಾರುವವರು ನೀವು ಬರುವ ಮೊದಲೇ ಗಾಡಿ ಬಿಸಿ ಮಾಡಿಟ್ಟಿರುತ್ತಾರೆ. ಎಂಜಿನ್ ಬ್ಲಾಕ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನಾಳೆ ಬರುತ್ತೇನೆ ಅನ್ನಿ. ತಣ್ಣಗಿದ್ದರೆ ರೇಡಿಯೇಟರ್ ಮುಚ್ಚಳ ತೆಗೆಯಿರಿ, ನೀರಿನ ಮೇಲೆ ಎಣ್ಣೆ ತೇಲಬಾರದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಬೆಳ್ಳಗೆ ನೊರೆನೊರೆಯಾಗಿದ್ದರೆ ಅದಕ್ಕೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಬಿರುಕೂ ಇರಬಹುದು.

ಈಗ ಸ್ಟಾರ್ಟ್. ಮೊದಲ ಕ್ಷಣದ ಬಿಳಿ ಹೊಗೆಗೆ ಹೆದರಬೇಡಿ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಬುಸುಬುಸು ಹೊಗೆ ಬಂದರೆ ಪಿಸ್ಟನ್ ರಿಂಗು, ಲೈನರ್ ಸವೆದಿವೆ, ಎಂಜಿನ್ ಬಿಚ್ಚುವ ಖರ್ಚು ಕಳೆದೇ ಬೆಲೆ ಮಾತಾಡಿ. ಆಮೇಲೆ ಅರ್ಧ ಗಂಟೆ ದುಡಿಸಿ, ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಕೊಡದೆ, ಆಯಿಲ್ ಪ್ರೆಶರ್ ನೋಡಿ. ಬೇರಿಂಗ್ ಸವೆದಿದ್ದರೂ ದಪ್ಪ ಆಯಿಲ್ ಹಾಕಿದ ಗಾಡಿಯ ಪ್ರೆಶರ್ ಮುಳ್ಳು ತಣ್ಣಗಿರುವಾಗ ಮೇಲೇ ಇರುತ್ತದೆ, ಬಿಸಿಯಾದ ಮೇಲೆ ಬಿದ್ದುಹೋಗುತ್ತದೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ನಂಬಬೇಡಿ, ಕ್ಲಚ್ ಪೆಡಲ್ ಎಷ್ಟು ಸವೆದಿದೆ ನೋಡಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನಾಗಿ ಹಾರಬಾರದು. ಲಿಫ್ಟ್‌ಗೆ ಕಲ್ಟಿವೇಟರ್ ಸಿಕ್ಕಿಸಿ, ಎತ್ತಿ, ಎಂಜಿನ್ ನಿಲ್ಲಿಸಿ. ನಿಮಿಷದೊಳಗೆ ನೆಲ ಮುಟ್ಟಿದರೆ ಸೀಲೋ ವಾಲ್ವೋ ಸೋರುತ್ತಿದೆ. ಎಂಜಿನ್ ಖರ್ಚಿನ ಮುಂದೆ ಇದು ಸಣ್ಣದು, ಇದಕ್ಕಾಗಿ ಒಳ್ಳೇ ಗಾಡಿ ಬಿಡಬೇಡಿ. ನಮಸ್ಕಾರ.